ಏರಿ ಇಲ್ಲದ ಕೆರೆ

ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಲಾವೆಲ್ಸ್ ಲೇಕ್ ಅಂತ ಒಂದು ಸಣ್ಣ ಕೆರೆ ಇದೆ. ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಪೂರ್ವಕ್ಕೆ, ಲಾಡನ್ ನದಿಯ ಪಕ್ಕ, ಡಿಂಟನ್ ಪಾಶ್ಚರ್ಸ್ ಎಂಬ ಪಾರ್ಕಿಗೆ ಅಂಟಿಕೊಂಡ ಹಾಗೆ. ದಡದಲ್ಲಿ ಹಕ್ಕಿ ನೋಡುವವರಿಗೆ ಮರದ ಹಲಗೆಯ ಕೋಣೆ ಕಟ್ಟಿದ್ದಾರೆ. ಇಲ್ಲಿಯವರು ಹೈಡ್ ಅನ್ನುತ್ತಾರೆ. ಒಳಗೆ ಬೆಂಚು, ಎದುರಿಗೆ ಉದ್ದಕ್ಕೂ ಒಂದು ಕಿರಿದಾದ ಕಿಟಕಿ, ಅಷ್ಟೇ. ಅಲ್ಲಿ ಕೂತರೆ ಎರಡು ಸದ್ದು ಕೇಳುತ್ತವೆ. ಜೊಂಡಿನೊಳಗಿನ ಹಕ್ಕಿಗಳದ್ದು ಒಂದು. ಅದರ ಹಿಂದೆ ಹಗಲೆಲ್ಲ ಒಂದೇ ಸಮನೆ ಮೊರೆಯುವ ಹೆದ್ದಾರಿಯದ್ದು ಇನ್ನೊಂದು.

ಮೊದಮೊದಲು ಈ ಎರಡನೇ ಸದ್ದು ನನಗೆ ಕಿರಿಕಿರಿ ಆಗುತ್ತಿತ್ತು. ಆಮೇಲೆ ಪಾರ್ಕಿನ ಕಥೆ ತಿಳಿಯಿತು. ಇಲ್ಲಿ ಮೊದಲು ಕೆರೆಯೇ ಇರಲಿಲ್ಲ. ನದಿ ಬಯಲಿನ ಹುಲ್ಲುಗಾವಲು ಇತ್ತು, ಹೊಲಗಳಿದ್ದವು. 1969ರಿಂದ ಮುಂದಿನ ಹತ್ತು ವರ್ಷ ಇಲ್ಲಿ ಜಲ್ಲಿ ಅಗೆದರು. ಎಂ4 ಹೆದ್ದಾರಿಗೆ, ಅದರಿಂದ ಕವಲೊಡೆಯುವ ಎ329(ಎಂ) ರಸ್ತೆಗೆ ಆ ಜಲ್ಲಿ ಹೋಯಿತು. ಗುಂಡಿಗಳಲ್ಲಿ ನೀರು ನಿಂತಿತು. 1979ರಲ್ಲಿ ಪಾರ್ಕ್ ತೆರೆದರು. ಅಂದರೆ ನಾನು ಕೂತು ಬೈದುಕೊಳ್ಳುತ್ತಿದ್ದ ರಸ್ತೆ ಆಗಿದ್ದರಿಂದಲೇ ಈ ಕೆರೆಗಳು ಆದವು. ಬ್ಲ್ಯಾಕ್ ಸ್ವಾನ್, ವೈಟ್ ಸ್ವಾನ್, ಸ್ಯಾಂಡ್‌ಫರ್ಡ್, ಲಾವೆಲ್ಸ್ – ಹೆಸರುಗಳೇನೋ ಚೆನ್ನಾಗಿವೆ. ಎಲ್ಲವೂ ಗುಂಡಿಗಳೇ.

ಇದು ತಿಳಿದ ಮೇಲೆ ಮನಸ್ಸಿನಲ್ಲಿ ಒಂದು ಕೊರೆತ ಶುರುವಾಯಿತು. ಬರೀ ರಸ್ತೆಗೆಂದು ಅಗೆದ ಗುಂಡಿ ಇಷ್ಟು ಒಳ್ಳೆಯ ಹಕ್ಕಿ ತಾಣ ಆಗಬಹುದಾದರೆ, ನೂರಾರು ವರ್ಷ ಬಾಳಿದ ನಮ್ಮ ಕೆರೆಗಳಿಂದ ಹಕ್ಕಿ ಯಾಕೆ ಹೋಗುತ್ತಿವೆ? ಕೊಳಚೆ ನೀರು, ಒತ್ತುವರಿ – ಈ ಉತ್ತರ ನಿಮಗೂ ಗೊತ್ತು, ಅದನ್ನು ಮತ್ತೆ ಬರೆಯಲು ಹೋಗುವುದಿಲ್ಲ. ನನ್ನನ್ನು ಕಾಡುವುದು ಬೇರೆ ಕೆರೆಗಳು. ಒತ್ತುವರಿ ತೆರವಾಗಿ, ಕೊಳಚೆ ನಿಂತು, ಕೋಟಿಗಟ್ಟಲೆ ಸುರಿದು ‘ಅಭಿವೃದ್ಧಿ’ ಆದ ಕೆರೆಗಳಲ್ಲೂ ಮೊದಲಿದ್ದ ಎಷ್ಟೋ ಹಕ್ಕಿ ಯಾಕೆ ಮರಳಿ ಬರಲಿಲ್ಲ?

ಅಪ್ಪ ತೂಬು ಹುಡುಕಿದ್ದು

ಇದಕ್ಕೆ ಉತ್ತರದ ಒಂದು ತುದಿ ಸಿಕ್ಕಿದ್ದು ಅಪ್ಪನಿಂದ. ಅವರು ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಿದ್ದರು. ತುಮಕೂರಿನ ಕಡೆಯ ನಮ್ಮೂರಲ್ಲಿ ನಮ್ಮ ಗದ್ದೆ ಇದ್ದದ್ದು ಕೆರೆಯ ಅಚ್ಚುಕಟ್ಟಿನಲ್ಲೇ. ಹಾಗಾಗಿ ಯಾವ ಊರಿಗೆ ಹೋದರೂ ಅಪ್ಪ ಮೊದಲು ನೀರು ನೋಡುತ್ತಾರೆ. ಡಿಂಟನ್ ಪಾಶ್ಚರ್ಸ್‌ಗೆ ಕರೆದುಕೊಂಡು ಹೋದೆ. ಬ್ಲ್ಯಾಕ್ ಸ್ವಾನ್ ಇಲ್ಲಿನ ದೊಡ್ಡ ಕೆರೆ. ಅವತ್ತು ಮಕ್ಕಳ ಗುಂಪೊಂದು ಹಾಯಿದೋಣಿ ಕಲಿಯುತ್ತಿತ್ತು. ಮೇಲೆ ಗಿಳಿಗಳು ಕಿರುಚುತ್ತಾ ಹೋದವು. ನಮ್ಮ ಮನೆ ಹಿತ್ತಲಲ್ಲಿ ಪೇರಲೆ ಕೊರೆಯುವ ಅದೇ ಜಾತಿ. ಪಂಜರದಿಂದ ತಪ್ಪಿಸಿಕೊಂಡವು ಲಂಡನ್ ಸುತ್ತಮುತ್ತ ಸಂಸಾರ ಹೂಡಿ, ಈಗ ಥೇಮ್ಸ್ ಕಣಿವೆಯಲ್ಲೆಲ್ಲ ತುಂಬಿಕೊಂಡಿವೆ. “ಇವಕ್ಕೆ ವೀಸಾ ಯಾರು ಕೊಟ್ರು?” ಅಂತ ಅಪ್ಪ ನಕ್ಕರು. ಆಮೇಲೆ ದಡದ ಮೇಲೆ ನಿಂತು ಅತ್ತಿತ್ತ ನೋಡತೊಡಗಿದರು.

“ಏರಿ ಎಲ್ಲೈತಮ್ಮ?”

“ಏರಿ ಇಲ್ಲಪ್ಪ.”

“ತೂಬು?”

“ಅದೂ ಇಲ್ಲ.”

“ಕೋಡಿನೂ ಇಲ್ಲ ಅನ್ನು. ಮತ್ತೆ ಈ ನೀರು ಬರೋದೆಲ್ಲಿಂದ, ಹೋಗೋದೆಲ್ಲಿಗೆ?”

ಗೊತ್ತಿದ್ದಷ್ಟು ಹೇಳಿದೆ. ಹಿಮಯುಗದಲ್ಲಿ ಹಿಮದ ಹಾಸು ಇಲ್ಲಿಯವರೆಗೆ ಬರಲಿಲ್ಲ. ಆದರೆ ಚಳಿಗೆ ಒಡೆದ ಚಕಮಕಿ ಕಲ್ಲನ್ನೆಲ್ಲ ಅಂದಿನ ನದಿಗಳು ಸೀಮೆಸುಣ್ಣದ ಗುಡ್ಡಗಳಿಂದ ಹೊತ್ತು ತಂದು ಈ ಬಯಲಿನಲ್ಲಿ ಹರಡಿದವು. ಅದೇ ಜಲ್ಲಿ. ಕೆಲವೇ ಮೀಟರ್ ದಪ್ಪದ ಪದರ. ಅಂತರ್ಜಲ ಇಲ್ಲಿ ಮೇಲೆಯೇ ಇದೆ. ಜಲ್ಲಿಯ ಸಂದಿಯಲ್ಲೆಲ್ಲ ನೀರು. ಅಗೆಯುವಾಗ ಪಂಪು ಹಚ್ಚಿ ನೀರು ಹೊರಗೆ ಹಾಕುತ್ತಾರೆ, ಇಲ್ಲವೇ ನೀರಿನೊಳಗಿಂದಲೇ ಬಾಚಿ ತೆಗೆಯುತ್ತಾರೆ. ಕೆಲಸ ಮುಗಿದು ಪಂಪು ನಿಂತರೆ ಗುಂಡಿ ತಾನಾಗಿ ತುಂಬುತ್ತದೆ.

“ಹಂಗನ್ನು ಮತ್ತೆ. ಇದು ಕೆರೆ ಅಲ್ಲ, ಬಾವಿ” ಅಂದರು ಅಪ್ಪ. ಸಮಾಧಾನ ಆಯಿತು ಅವರಿಗೆ. ಆದರೆ ಅಲ್ಲಿಗೇ ಬಿಡಲಿಲ್ಲ. ಕೈಯಲ್ಲಿದ್ದ ಊರುಗೋಲನ್ನು ದಡದ ಅಂಚಿನಲ್ಲೇ ನೀರಿಗೆ ಇಳಿಸಿದರು. ಅದು ಹಿಡಿಯವರೆಗೂ ಇಳಿಯಿತು, ತಳ ಸಿಗಲಿಲ್ಲ. “ದಡದಲ್ಲೇ ಇಷ್ಟು ಆಳ! ದನ ನೀರಿಗಿಳಿಯೋದು ಹೆಂಗೆ?” ಅಂತ ಕೇಳಿದರು. ಇಲ್ಲಿ ದನ ನೀರಿಗಿಳಿಯುವುದಿಲ್ಲ ಅಪ್ಪ ಅಂದೆ. ಆಗ ನನಗೆ ಅದು ಬರೀ ತಮಾಷೆಯ ಪ್ರಶ್ನೆ ಅನಿಸಿತ್ತು. ಇಡೀ ವಿಷಯದ ಬೇರು ಅದೇ ಅಂತ ಹೊಳೆಯುವುದಕ್ಕೆ ಒಂದು ಚಳಿಗಾಲ ಬೇಕಾಯಿತು.

ಬೋಳು ಜಲ್ಲಿಯ ಮೇಲೆ

ಹಕ್ಕಿಗಳು ಇಂಥ ಗುಂಡಿಗಳಿಗೆ ಬಂದದ್ದು ಯಾರೋ ಕರೆದು ಅಲ್ಲ. ಲಿಟಲ್ ರಿಂಗ್ಡ್ ಪ್ಲವರ್ ಅಂತ ಒಂದು ಪುಟ್ಟ ಹಕ್ಕಿ ಇದೆ. ಕುತ್ತಿಗೆಗೆ ಕಪ್ಪು ಪಟ್ಟಿ, ಕಣ್ಣಿನ ಸುತ್ತ ಹಳದಿ ಉಂಗುರ. ನಮ್ಮ ಕಡೆ ಹೊಳೆಯ ಮರಳಿನ ಮೇಲೆ, ಕೆರೆ ಅಂಗಳದ ಕೆಸರಿನಲ್ಲಿ ಗುಡುಗುಡು ಓಡಿ ತಟ್ಟನೆ ನಿಲ್ಲುವುದು ಇದೇ. ಬ್ರಿಟನ್‌ನಲ್ಲಿ ಇದು ಮೊದಲ ಸಲ ಮರಿ ಮಾಡಿದ್ದು 1938ರಲ್ಲಿ, ಟ್ರಿಂಗ್ ಎಂಬಲ್ಲಿನ ಒಂದು ಜಲಾಶಯದಲ್ಲಿ. ಆಮೇಲೆ ಯುದ್ಧ ಬಂತು. ವಿಮಾನದ ರನ್‌ವೇಗಳಿಗೆ ಕಾಂಕ್ರೀಟು ಬೇಕಾಯಿತು. ಯುದ್ಧ ಮುಗಿದ ಮೇಲೆ ಮನೆ, ರಸ್ತೆ ಎಲ್ಲಕ್ಕೂ ಬೇಕಾಯಿತು. ನದಿ ಬಯಲುಗಳಲ್ಲೆಲ್ಲ ಜಲ್ಲಿ ಗುಂಡಿ ಬಿದ್ದವು. ಈ ಹಕ್ಕಿಗೆ ಗೂಡು ಅಂತ ಏನೂ ಬೇಡ. ಬೋಳು ಕಲ್ಲಿನ ನಡುವೆ ಒಂದಿಷ್ಟು ತಗ್ಗು ಮಾಡಿ ಮೊಟ್ಟೆ ಇಡುತ್ತದೆ. ಮೊಟ್ಟೆಗೂ ಕಲ್ಲಿಗೂ ವ್ಯತ್ಯಾಸ ಕಾಣುವುದಿಲ್ಲ. ಲಾರಿ ಓಡಾಡುವ ಗುಂಡಿ ಅದಕ್ಕೆ ಹೇಳಿ ಮಾಡಿಸಿದ ಜಾಗ ಆಯಿತು. ಗುಂಡಿ ಹಬ್ಬಿದ ಕಡೆಗೆಲ್ಲ ಹಕ್ಕಿಯೂ ಹಬ್ಬಿತು.

ಇನ್ನೊಂದು ಗ್ರೇಟ್ ಕ್ರೆಸ್ಟೆಡ್ ಗ್ರೀಬ್. ನಮ್ಮ ಗುಳುಮುಳುಕನ ದೊಡ್ಡಪ್ಪನ ಮಗ ಅನ್ನಿ. ತಲೆಯ ಮೇಲೆ ಜುಟ್ಟು, ಕೆನ್ನೆಗೆ ಕಂದು ಬಣ್ಣದ ಕುಚ್ಚು. 1860ರ ಹೊತ್ತಿಗೆ ಈ ದೇಶದಲ್ಲಿ ಐವತ್ತು ಜೋಡಿಯೂ ಉಳಿದಿರಲಿಲ್ಲವಂತೆ. ಅದರ ಎದೆಯ ರೇಷ್ಮೆಯಂಥ ಗರಿ ಹೆಂಗಸರ ಉಡುಪಿಗೆ, ತಲೆಯ ಗರಿ ಟೋಪಿಗೆ ಹೋಗುತ್ತಿತ್ತು. ಕಾನೂನು ಬಂದು ಬೇಟೆ ನಿಂತಿತು. ಆಮೇಲೆ ಅದರ ಸಂಖ್ಯೆ ಮತ್ತೆ ಏರಿದ್ದಕ್ಕೆ ಈ ಗುಂಡಿಗಳ ಪಾಲೂ ದೊಡ್ಡದು. ವಸಂತದ ಶುರುವಿನಲ್ಲಿ ಗಂಡು ಹೆಣ್ಣು ಎದುರುಬದುರು ಬಂದು, ಕೊಕ್ಕಿನಲ್ಲಿ ನೀರಿನ ಕಳೆ ಹಿಡಿದು, ಎದೆಗೆ ಎದೆ ಕೊಟ್ಟು ನೀರಿನ ಮೇಲೆ ಎದ್ದು ನಿಲ್ಲುತ್ತವೆ. ಅದನ್ನೊಮ್ಮೆ ನೋಡಲೇಬೇಕು.

ಚಳಿಗಾಲದಲ್ಲಿ ನನಗೆ ಇಷ್ಟ ಮಾತ್ರ ನಾಮದ ಕೋಳಿ ಮತ್ತು ಗ್ಯಾಡ್‌ವಾಲ್ ಬಾತು. ಎರಡೂ ನಮ್ಮ ಕೆರೆಗಳಲ್ಲಿ ಕಂಡವೇ. ನಾಮದ ಕೋಳಿ ಮುಳುಗಿ ತಳದ ಕಳೆ ಕಿತ್ತು ತರುತ್ತದೆ. ಗ್ಯಾಡ್‌ವಾಲ್‌ಗೆ ಹಾಗೆ ಮುಳುಗುವುದು ಆಗದ ಮಾತು. ಅದು ಪಕ್ಕದಲ್ಲೇ ಕಾಯುತ್ತಾ ಇರುತ್ತದೆ. ಕೋಳಿ ಮೇಲೆ ಬಂದ ತಕ್ಷಣ ಬಾಯಿಂದ ಕಳೆ ಎಳೆದುಕೊಂಡು ತಿನ್ನುತ್ತದೆ. ನಾಮದ ಕೋಳಿ ಬೈದುಕೊಂಡು ಮತ್ತೆ ಮುಳುಗುತ್ತದೆ. ಲಂಡನ್‌ನ ನೈರುತ್ಯಕ್ಕಿರುವ ಜಲಾಶಯಗಳನ್ನೂ ಹಳೆಯ ಜಲ್ಲಿ ಗುಂಡಿಗಳನ್ನೂ ಸೇರಿಸಿ 2000ದಲ್ಲಿ ರಾಮ್ಸಾರ್ ತಾಣ, ಅಂದರೆ ಇಡೀ ಜಗತ್ತಿಗೆ ಮುಖ್ಯವಾದ ಜೌಗು ನೆಲ, ಅಂತ ಗುರುತಿಸಿದರು. ಅದಕ್ಕೆ ಕಾರಣ ಚಳಿಗಾಲಕ್ಕೆ ಬರುವ ಇದೇ ಗ್ಯಾಡ್‌ವಾಲ್ ಮತ್ತು ಶವಲರ್ ಬಾತುಗಳು. ಮನುಷ್ಯ ಬೇರೆ ಯಾವುದಕ್ಕೋ ಮಾಡಿದ ಕೆಲಸ ಹಕ್ಕಿಗಾಗುವುದು ನಮಗೇನೂ ಹೊಸದಲ್ಲ. ರಂಗನತಿಟ್ಟಿನ ತಿಟ್ಟುಗಳು ಆದದ್ದೂ 17ನೇ ಶತಮಾನದಲ್ಲಿ ಕಾವೇರಿಗೆ ಒಡ್ಡು ಕಟ್ಟಿದ್ದರಿಂದ. ಸಲೀಂ ಅಲಿಯವರು ಮೈಸೂರು ಮಹಾರಾಜರಿಗೆ ಹೇಳಿ ಅದನ್ನು ಪಕ್ಷಿಧಾಮ ಮಾಡಿಸಿದ್ದು 1940ರಲ್ಲಿ.

ಗರಗಸ ಹಿಡಿದವರು

ಇಲ್ಲಿಯವರೆಗೆ ಓದಿದರೆ ‘ಅಗೆದು ಬಿಟ್ಟುಬಿಡಿ, ಉಳಿದದ್ದನ್ನು ಪ್ರಕೃತಿ ನೋಡಿಕೊಳ್ಳುತ್ತದೆ’ ಅನಿಸಬಹುದು. ಲಾವೆಲ್ಸ್ ದಡದಲ್ಲಿ ಒಂದು ಭಾನುವಾರ ಕೆಲಸ ಮಾಡಿದರೆ ಆ ಭ್ರಮೆ ಹೋಗುತ್ತದೆ. ಹಕ್ಕಿಗಳು ಗೂಡು ಹಾಕುವ ಮೊದಲು, ಚಳಿಗಾಲದಲ್ಲಿ, ಸ್ವಯಂಸೇವಕರು ಸೇರಿ ಗಿಡ ಕಡಿಯುತ್ತಾರೆ. ಪರಿಚಯದವರೊಬ್ಬರು ಕರೆದರು, ನಾನೂ ಹೋದೆ. ಬಂದವರಲ್ಲಿ ಹೆಚ್ಚಿನವರು ನಿವೃತ್ತರು. ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ಹಾಕಿಕೊಂಡು ನೀರಿಗೆ ಇಳಿದವರು ಎಪ್ಪತ್ತು ದಾಟಿದವರು. ನನಗೆ ಕೊಟ್ಟದ್ದು ಕಡಿದ ಕೊಂಬೆ ಎಳೆದು ರಾಶಿ ಹಾಕುವ ಕೆಲಸ. ಕೈಗವಸಿನ ಒಳಗೂ ಬೆರಳು ಮರಗಟ್ಟಿದ್ದವು. ಕಡಿಯುತ್ತಿದ್ದದ್ದೆಲ್ಲ ವಿಲ್ಲೋ ಗಿಡ. ನೋಡಲು ಎಳೆಯದಾಗಿ ಚೆನ್ನಾಗಿದ್ದವು. ಇಷ್ಟು ಒಳ್ಳೆಯ ಗಿಡ ಯಾಕೆ ಕಡಿಯಬೇಕು ಅಂತ ಕೇಳಿದೆ.

ಚಹಾದ ಹೊತ್ತಿಗೆ ಒಬ್ಬ ಅಜ್ಜ ಬಿಡಿಸಿ ಹೇಳಿದರು. ಈ ಕೆರೆಗಳು ಒಂದೇ ಸ್ಥಿತಿಯಲ್ಲಿ ನಿಲ್ಲುವುದಿಲ್ಲ. ಮೊದಲ ಕೆಲವು ವರ್ಷ ಬೋಳು ಜಲ್ಲಿ ಇರುತ್ತದೆ. ಆಗ ಪ್ಲವರ್ ಬರುತ್ತದೆ. ಅಗೆದ ಮಣ್ಣಿನ ಗೋಡೆಯಲ್ಲಿ ಬಿಲ ಕೊರೆದು ಸ್ಯಾಂಡ್ ಮಾರ್ಟಿನ್ ಎಂಬ ಹಕ್ಕಿ ಮರಿ ಮಾಡುತ್ತದೆ. ಆಮೇಲೆ ಹುಲ್ಲು, ಕಳೆ. ಆಮೇಲೆ ವಿಲ್ಲೋ. ವಿಲ್ಲೋ ಬಂದರೆ ಪ್ಲವರ್ ಹೋಗುತ್ತದೆ, ಬೋಳು ಜಲ್ಲಿಯ ಮೇಲೇ ಮೊಟ್ಟೆ ಇಡುವ ರೀವ (ಟರ್ನ್) ಹಕ್ಕಿಯೂ ಹೋಗುತ್ತದೆ. ಜೊಂಡೂ ನೆರಳಿಗೆ ಸಾಯುತ್ತದೆ. ಜೊಂಡು ಹೋದರೆ ಬಿಟರ್ನ್ ಬರುವುದಿಲ್ಲ. ಬಿಟರ್ನ್ ಅಂದರೆ ಜೊಂಡಿನ ಬಣ್ಣದ್ದೇ ಒಂದು ಬಕ. ಈ ದೇಶದಲ್ಲಿ 1997ರ ಎಣಿಕೆಯಲ್ಲಿ ಕೂಗುವ ಗಂಡು ಸಿಕ್ಕಿದ್ದು ಬರೀ 11. ಈಗ ಚೇತರಿಸಿಕೊಂಡಿವೆ. ಚಳಿಗಾಲದಲ್ಲಿ ಲಾವೆಲ್ಸ್ ಜೊಂಡಿನಲ್ಲಿ ಕಾಣುವುದುಂಟು. ಅದನ್ನು ನೋಡಲಿಕ್ಕೆ ಜನ ಹೈಡ್‌ನಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. “ಕೆಲವು ವರ್ಷ ನಾವು ಬರದಿದ್ದರೆ ಇಲ್ಲಿ ಕೆರೆ ಇದೆ ಅಂತಲೇ ಗೊತ್ತಾಗುವುದಿಲ್ಲ” ಅಂದರು ಅಜ್ಜ.

ಇಂಥ ಎಷ್ಟೋ ಕೆರೆಗಳಲ್ಲಿ ರೀವಗಳಿಗೆಂದು ತೆಪ್ಪ ಕಟ್ಟಿ ತೇಲಿಬಿಡುತ್ತಾರೆ. ಅದರ ಮೇಲೆ ಜಲ್ಲಿ ಹರಡಬೇಕು. ಜಲ್ಲಿ ತೆಗೆದು ಆದ ಕೆರೆಗೆ ಜಲ್ಲಿಯನ್ನೇ ಹೊತ್ತು ತರುವುದು!

ಅವತ್ತು ಅಜ್ಜ ಇನ್ನೊಂದು ಮಾತು ಹೇಳಿದರು. ಗಿಡ ಕಡಿಯುವುದು ಸುಲಭದ ಕೆಲಸವಂತೆ. ಕಷ್ಟ ಇರುವುದು ಅಂಚಿನಲ್ಲಿ. ಯಂತ್ರ ಗುಂಡಿ ತೋಡುವಾಗ ಬದಿ ನೆಟ್ಟಗೆ ಇಳಿಯುತ್ತದೆ. ಎಷ್ಟು ಜಲ್ಲಿ ಸಿಗುತ್ತದೋ ಅಷ್ಟನ್ನೂ ತೆಗೆಯುವುದು ಅವರ ಲೆಕ್ಕ. ಹಾಗಾಗಿ ದಡದಿಂದ ಒಂದು ಹೆಜ್ಜೆ ಇಟ್ಟರೆ ಆಳ. ಮುಳುಗುವ ಬಾತಿಗೆ ಅದು ಸಾಕು. ಆದರೆ ನಡೆದು ತಿನ್ನುವ ಹಕ್ಕಿಗೆ ಕಾಲೂರಲು ಜಾಗ ಇಲ್ಲ. ಜೊಂಡಿಗೆ ಬೇರೂರಲು ಜಾಗ ಇಲ್ಲ. ಹಾಗಾಗಿ ಬುಲ್ಡೋಜರ್ ತರಿಸಿ ಅಂಚನ್ನು ಇಳಿಜಾರು ಮಾಡುತ್ತಾರೆ, ಮಣ್ಣು ಸುರಿದು ಮೊಣಕಾಲು ಮಟ್ಟದ ನೀರು ನಿಲ್ಲುವ ಹಾಗೆ ಮಾಡುತ್ತಾರೆ. ಕೆಂಟ್‌ನ ಸೆವೆನ್‌ಓಕ್ಸ್‌ನಲ್ಲಿ 1956ರಲ್ಲಿ ಜೆಫ್ರಿ ಹ್ಯಾರಿಸನ್ ಎಂಬ ವೈದ್ಯರು ಇದನ್ನು ಶುರು ಮಾಡಿದರು. ಬಾತಿನ ಹೊಟ್ಟೆಯಲ್ಲಿ ಯಾವ ಬೀಜ ಸಿಗುತ್ತದೆ ಅಂತ ನೋಡಿ, ಅದೇ ಗಿಡಗಳನ್ನು ದಡದಲ್ಲಿ ನೆಡಿಸಿದರು. ಹೊಟ್ಟೆ ಎಲ್ಲಿಂದ ಸಿಕ್ಕಿತು ಅಂದರೆ, ಬೇಟೆಯಾಡಿದ ಬಾತುಗಳಿಂದ! ಆ ಕೆಲಸದಲ್ಲಿ ಬಾತು ಬೇಟೆಗಾರರ ಸಂಘವೂ ಜೊತೆಗಿತ್ತು. ಸೋಜಿಗ ಅಲ್ವಾ?

ಕೊಂಬೆ ಎಳೆಯುತ್ತಾ ಇದನ್ನೆಲ್ಲ ಕೇಳುವಾಗ ಅಪ್ಪನ ಊರುಗೋಲು ನೆನಪಾಯಿತು. ದನ ನೀರಿಗಿಳಿಯುವ ಇಳಿಜಾರೂ, ಉದ್ದ ಕಾಲಿನ ಹಕ್ಕಿ ಹುಳ ಹೆಕ್ಕುವ ಇಳಿಜಾರೂ ಒಂದೇ.

ಎಲ್ಲರಿಗೂ ಒಂದೊಂದು ಗುಂಡಿ

ಭಾನುವಾರ ಡಿಂಟನ್ ಪಾಶ್ಚರ್ಸ್ ಜಾತ್ರೆ. ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ರೆಡಿಂಗ್ ಸುತ್ತಮುತ್ತ ನಮ್ಮವರೂ ಜಾಸ್ತಿ. ಪುಳಿಯೋಗರೆ ಡಬ್ಬಿ ಬಿಚ್ಚಿ ಹುಲ್ಲಿನ ಮೇಲೆ ಕೂತ ಕನ್ನಡದ ಸಂಸಾರ ಒಂದಾದರೂ ಕಂಡೇ ಕಾಣುತ್ತದೆ. ನಾಯಿಗಳು, ತಳ್ಳುಗಾಡಿಯಲ್ಲಿ ಮಕ್ಕಳು, ಓಡುವವರು, ಮೀನು ಹಿಡಿಯುವವರು. ಬ್ಲ್ಯಾಕ್ ಸ್ವಾನ್‌ನಲ್ಲಿ ದೋಣಿ. ಇಷ್ಟೆಲ್ಲ ಗದ್ದಲದ ಪಕ್ಕದಲ್ಲೇ ಬಿಟರ್ನ್ ಹೇಗೆ ಇರುತ್ತದೆ ಅಂದರೆ, ಗುಂಡಿಗಳು ಹಲವು ಇವೆ, ಅದಕ್ಕೆ. ದೋಣಿ ಒಂದು ಕಡೆ, ಗಾಳ ಒಂದು ಕಡೆ. ಲಾವೆಲ್ಸ್‌ನಲ್ಲಿ ನೀರಿನ ಅಂಚಿಗೆ ಹೋಗುವ ಹಾಗಿಲ್ಲ. ಹೈಡ್‌ನೊಳಗಿಂದಲೇ ನೋಡಬೇಕು. ಯಾರೂ ಇದನ್ನು ದೊಡ್ಡ ತತ್ವ ಅಂತ ಹೇಳುವುದಿಲ್ಲ. ಜಾಗ ಇದೆ, ಹಂಚಿಕೊಂಡಿದ್ದಾರೆ.

ಇದೇ ಲೆಕ್ಕ ದೊಡ್ಡದಾಗಿಯೂ ನಡೆದಿದೆ. ಕಾಟ್ಸ್‌ವೋಲ್ಡ್ ವಾಟರ್ ಪಾರ್ಕ್‌ನಲ್ಲಿ ಇಂಥ 150ಕ್ಕೂ ಹೆಚ್ಚು ಕೆರೆಗಳಿವೆ. ಕೆಲವದರ ಸುತ್ತ ರಜೆಯ ಮನೆಗಳು, ಕೆಲವದರಲ್ಲಿ ಮೋಟಾರು ದೋಣಿ, ಕೆಲವು ಹಕ್ಕಿಗೆ. ಲಂಡನ್ ಬಳಿಯ ಥಾರ್ಪ್ ಪಾರ್ಕ್ ಎಂಬ ಮನರಂಜನಾ ಪಾರ್ಕಿಗೆ ಮಕ್ಕಳನ್ನು ಕರೆದುಕೊಂಡು ಹೋದವರು ನಿಮ್ಮಲ್ಲೂ ಇರಬಹುದು. ಅಲ್ಲಿ ಕೂಗುತ್ತಾ ಉರುಳುವ ರೈಲುಗಳ ಕೆಳಗಿರುವ ನೀರೂ ಜಲ್ಲಿ ಗುಂಡಿಯದೇ.

ಗುಂಡಿ ಒಂದೇ ಇದ್ದರೆ ಜಗಳ ಶುರು. ಮೀನಿನದ್ದೇ ನೋಡಿ. ಗಾಳ ಹಾಕುವವರಿಗೆ ಮೀನು ಜಾಸ್ತಿ ಬೇಕು. ಮೀನು ಇದ್ದರೆ ಹಕ್ಕಿಗೂ ಒಳ್ಳೆಯದೇ ಅಂತ ನಾವು ಅಂದುಕೊಳ್ಳುತ್ತೇವೆ. ನೀರುಕಾಗೆಗೆ, ಮಿಂಚುಳ್ಳಿಗೆ ಹೌದು. ಬಾತಿನ ಮರಿಗೆ ಅಲ್ಲ. 1980ರ ದಶಕದಲ್ಲಿ ಮಿಲ್ಟನ್ ಕೀನ್ಸ್ ಹತ್ತಿರದ ಗ್ರೇಟ್ ಲಿನ್‌ಫರ್ಡ್‌ನ ಜಲ್ಲಿ ಕೆರೆಗಳಲ್ಲಿ ಇದನ್ನು ಪರೀಕ್ಷಿಸಿದರು. ತಳದ ಕೆಸರು ಕೆದಕುವ ಬ್ರೀಮ್‌ನಂಥ ಮೀನುಗಳನ್ನು ಒಂದು ಕೆರೆಯಿಂದ ತೆಗೆದರು. ಬಾತಿನ ಮರಿಗೂ ಮೀನಿಗೂ ಬೇಕಾದದ್ದು ಅದೇ ಸೊಳ್ಳೆಯಂಥ ಹುಳುವಿನ ಮರಿಗಳು. ಮೀನು ಹೋದ ಮೇಲೆ ಹುಳು ಹೆಚ್ಚಿತು, ನೀರಿನ ಕಳೆ ಮತ್ತೆ ಬೆಳೆಯಿತು, ಬಾತುಗಳೂ ಹೆಚ್ಚಿದವು. ಆ ಸಂಶೋಧನೆಗೆ ದುಡ್ಡು ಕೊಟ್ಟವರಲ್ಲಿ ಜಲ್ಲಿ ಕಂಪನಿಯೂ ಇತ್ತು ಅನ್ನೋದನ್ನೂ ಹೇಳಿಬಿಡಬೇಕು.

ಈಜು ಮಾತ್ರ ಎಲ್ಲರಿಗೂ ಬಿಡುವ ಆಟ ಅಲ್ಲ. ಮೇಲೆ ಬಿಸಿಲಿದ್ದರೂ ಆಳದ ನೀರು ಕೊರೆಯುತ್ತಿರುತ್ತದೆ. ತಟ್ಟನೆ ಹಾರಿದರೆ ಉಸಿರು ಕಟ್ಟಿ ಒಳ್ಳೆಯ ಈಜುಗಾರರೂ ಮುಳುಗುತ್ತಾರೆ. ಬೇಸಿಗೆ ಬಂದರೆ ಇಲ್ಲಿಯ ಪತ್ರಿಕೆಗಳಲ್ಲೂ ಅಂಥ ಸುದ್ದಿ ಇದ್ದದ್ದೇ. ನೆಟ್ಟಗಿನ ಅಂಚು ಹಕ್ಕಿಗಷ್ಟೇ ಅಲ್ಲ, ಹುಡುಗರಿಗೂ ಮೋಸ.

ತಟ್ಟೆ ಮತ್ತು ಬಟ್ಟಲು

ಈಗ ನಮ್ಮ ಕೆರೆಗೆ ಬರುತ್ತೇನೆ. ನಮ್ಮ ಹಳೆಯ ಕೆರೆ ಒಂದು ಓರೆಯಾದ ತಟ್ಟೆ. ಏರಿಯ ಬುಡದಲ್ಲಿ ಆಳ. ಅಲ್ಲಿಂದ ಹಿಂದಕ್ಕೆ ಹೋದಂತೆ ನೀರು ತೆಳುವಾಗುತ್ತಾ, ಎಲ್ಲಿ ನೀರು ಮುಗಿಯಿತು ಎಲ್ಲಿ ನೆಲ ಶುರುವಾಯಿತು ಅಂತ ಗೊತ್ತಾಗದ ಹಾಗೆ ಅಂಗಳಕ್ಕೆ ಸೇರುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿಯುತ್ತದೆ. ಸರಿದಂತೆಲ್ಲ ಹೊಸ ಕೆಸರು ತೆರೆಯುತ್ತದೆ. ಮೆಟ್ಟುಗಾಲು ಹಕ್ಕಿ, ಪ್ಲವರ್, ಬೆಳ್ಳಕ್ಕಿ ಎಲ್ಲ ಅಲ್ಲೇ. ದನ ಮೇಯುವುದೂ ಅಲ್ಲೇ. ಇಂಗ್ಲೆಂಡಿನ ಅಜ್ಜಂದಿರು ಬುಲ್ಡೋಜರ್ ತಂದು ಮಾಡಲು ಒದ್ದಾಡುತ್ತಿರುವ ಅಂಚು ನಮಗೆ ಹುಟ್ಟಿನಿಂದಲೇ ಸಿಕ್ಕಿತ್ತು.

ಬೆಂಗಳೂರಿನಲ್ಲಿ ನನ್ನ ತಂಗಿಯ ಮನೆ ಹತ್ತಿರ ಒಂದು ಕೆರೆ ಇದೆ. ಅಭಿವೃದ್ಧಿ ಆದ ಮೇಲೆ ನೋಡಲು ಹೋದೆ. ಹೂಳೆತ್ತುವ ನೆಪದಲ್ಲಿ ಎಲ್ಲ ಕಡೆ ಒಂದೇ ಆಳಕ್ಕೆ ತೋಡಿದ್ದಾರೆ. ತೆಗೆದ ಮಣ್ಣನ್ನು ಸುತ್ತಲೂ ಏರಿ ಹಾಕಿ, ಅದರ ಮೇಲೆ ಟೈಲ್ಸ್ ಹಾಕಿದ ವಾಕಿಂಗ್ ದಾರಿ. ದಾರಿಯ ಬದಿಗೆ ಕಲ್ಲು ಕಟ್ಟಿದ ದಡ, ತಂತಿ ಬೇಲಿ, ದೀಪದ ಕಂಬ. ನಡುವೆ ಒಂದು ದ್ವೀಪ. ತಟ್ಟೆ ಹೋಗಿ ಬಟ್ಟಲು ಆಗಿತ್ತು. ನೀರು ಸ್ವಚ್ಛವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನೀರುಕಾಗೆ ಇವೆ, ನಾಮದ ಕೋಳಿ ಇವೆ, ಹೆಜ್ಜಾರ್ಲೆಯೂ ಬರುತ್ತವೆ. ಈಜುವ, ಮುಳುಗುವ ಹಕ್ಕಿಗಳೆಲ್ಲ ಇವೆ. ನಡೆಯುವ ಹಕ್ಕಿಗಳು ಮಾತ್ರ ಇಲ್ಲ. ಎಲ್ಲಿ ನಡೆಯಬೇಕು ಅವು? ಜಲ್ಲಿ ಗುಂಡಿಗೆ ಹುಟ್ಟಿನಿಂದ ಬಂದ ದೋಷವನ್ನು ನಾವು ದುಡ್ಡು ಕೊಟ್ಟು ನಮ್ಮ ಕೆರೆಗೆ ತಂದುಕೊಂಡಿದ್ದೇವೆ.

ಇದನ್ನು ಮಾಡಿದವರು ದಡ್ಡರು ಅಂತ ನಾನು ಹೇಳಲಾರೆ. ಬಟ್ಟಲಿನಲ್ಲಿ ನೀರು ಜಾಸ್ತಿ ನಿಲ್ಲುತ್ತದೆ. ಬೇಲಿ ಇಲ್ಲದಿದ್ದರೆ ತೆಳುನೀರಿನ ಅಂಗಳ ರಾತ್ರೋರಾತ್ರಿ ಸೈಟ್ ಆಗಿರುತ್ತಿತ್ತು. ಬೆಳಿಗ್ಗೆ ಐದಕ್ಕೇ ಬಂದು ಸುತ್ತು ಹಾಕುವ ಜನ ಇರುವುದರಿಂದಲೇ ಕಸದ ಲಾರಿ ಬರಲು ಹೆದರುತ್ತದೆ. ವಾಕಿಂಗ್ ದಾರಿ ಕೆರೆಯ ಕಾವಲೂ ಹೌದು. ನನ್ನ ತಕರಾರು ಇಷ್ಟೇ. ಇರುವ ಒಂದೇ ಕೆರೆಯ ಮೇಲೆ ನಾವು ಎಲ್ಲವನ್ನೂ ಹೇರುತ್ತೇವೆ. ವಾಕಿಂಗ್, ಮಕ್ಕಳ ಆಟ, ಗಣೇಶನ ವಿಸರ್ಜನೆ, ಮೀನಿನ ಟೆಂಡರ್, ಮಳೆನೀರು, ಹಕ್ಕಿ, ಎಲ್ಲ. ಡಿಂಟನ್‌ನಲ್ಲಿ ಗುಂಡಿಗಳ ನಡುವೆ ಆದ ಹಂಚಿಕೆಯನ್ನು ನಾವು ಒಂದೇ ಕೆರೆಯ ಬದಿಗಳ ನಡುವೆ ಮಾಡಬೇಕಾಗುತ್ತದೆ. ಆಗದ್ದೇನಲ್ಲ.

ಅಗೆಯುವ ಮೊದಲೇ

ಒಂದು ಅನುಮಾನ ಮಾತ್ರ ನನ್ನನ್ನು ಬಿಟ್ಟಿಲ್ಲ. ಜಲ್ಲಿ ಕಂಪನಿಗಳ ಜಾಹೀರಾತಿನಲ್ಲಿ ಈಗ ಹಕ್ಕಿ ಚಿತ್ರ ಇರುತ್ತದೆ. ನಾವು ಅಗೆದಿದ್ದರಿಂದ ಇಷ್ಟು ಹಕ್ಕಿ ಬಂದವು ಅನ್ನುವ ಧಾಟಿ. ಬಂದವು, ಸುಳ್ಳಲ್ಲ. ಆದರೆ ಅಗೆಯುವ ಮೊದಲು ಇಲ್ಲಿದ್ದ ನದಿ ಬಯಲಿನ ಹಸಿ ಹುಲ್ಲುಗಾವಲು ಮರಳಿ ಬರುವುದಿಲ್ಲ. ಲಾಡನ್ ಲಿಲಿ ಅಂತ ಈ ನದಿಯ ಹೆಸರಿನದೇ ಒಂದು ಬಿಳಿ ಹೂವು ಇದೆ. ಅದಕ್ಕೆ ಬೇಕಾದದ್ದು ನೆರೆ ಬಂದು ಇಳಿಯುವ ಒದ್ದೆ ನೆಲ. ಆಳದ ನೀರು ತಗೊಂಡು ಅದೇನು ಮಾಡೀತು? ಮತ್ತೆ, ಎಲ್ಲ ಗುಂಡಿಗೂ ಡಿಂಟನ್‌ನ ಅದೃಷ್ಟ ಬರಲಿಲ್ಲ. ಎಷ್ಟನ್ನೋ ಕಸ ತುಂಬಿ ಮುಚ್ಚಿದರು. ನಮ್ಮಲ್ಲಿ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಕಲ್ಲು ಕ್ವಾರಿಗಳಿಗೆ ಬೆಂಗಳೂರಿನ ಕಸ ಹೋದ ಹಾಗೆಯೇ.

ಕಲ್ಲು ಕ್ವಾರಿಯ ವಿಷಯ ಬೇರೆ, ಅದನ್ನೂ ಒಪ್ಪಬೇಕು. ಗ್ರಾನೈಟಿನ ಗೋಡೆ ಹತ್ತಾರು ಅಡಿ ನೆಟ್ಟಗೆ ಇಳಿದಿರುತ್ತದೆ. ಅದನ್ನು ಇಳಿಜಾರು ಮಾಡಲು ಯಾವ ಬುಲ್ಡೋಜರೂ ಸಾಲದು. ಬಂಡೆಯ ಸಂದಿಯಲ್ಲಿ ದೊಡ್ಡ ಗೂಬೆ ಮರಿ ಮಾಡೀತು, ಅಷ್ಟೇ. ಹಾಗಾಗಿ ‘ಕ್ವಾರಿಯನ್ನು ಪಕ್ಷಿಧಾಮ ಮಾಡಿ’ ಅಂತ ನಾನು ಹೇಳುತ್ತಿಲ್ಲ. ಇಂಗ್ಲೆಂಡಿನಿಂದ ತಗೊಳ್ಳುವಂಥದ್ದು ಬೇರೆ ಇದೆ. 1981ರ ಕಾನೂನು ಇಲ್ಲಿ ಒಂದು ಶರತ್ತು ತಂದಿತು. ಅಗೆದವರು ನೆಲವನ್ನು ಸರಿಪಡಿಸಿದ ಮೇಲೆ ಐದು ವರ್ಷ ಅದನ್ನು ನೋಡಿಕೊಳ್ಳಬೇಕು ಅಂತ ಪರವಾನಗಿಯಲ್ಲೇ ಬರೆಸಬಹುದು. ಅಂಚು ಎಷ್ಟು ಇಳಿಜಾರಿರಬೇಕು, ದ್ವೀಪ ಎಲ್ಲಿ, ಜನ ಎಲ್ಲಿಯವರೆಗೆ ಬರಬಹುದು ಅನ್ನೋದು ಮೊದಲ ಲಾರಿ ಬರುವ ಮುಂಚೆಯೇ ನಕ್ಷೆಯ ಮೇಲೆ ಬಂದಿರುತ್ತದೆ. ಐದು ವರ್ಷ ಕಡಿಮೆಯೇ. ಆರನೇ ವರ್ಷದ ವಿಲ್ಲೋ ಕಡಿಯುವವರು ಆ ಅಜ್ಜಂದಿರೇ.

ಅಗೆದ ಮೇಲೆ ಅಂಚು ತಿದ್ದುವುದಕ್ಕಿಂತ ಅಗೆಯುವ ಮೊದಲು ಅಂಚು ಬಿಡುವುದು ಅಗ್ಗ. ಇದನ್ನೇ ತಂಗಿಗೆ ಹೇಳುತ್ತಿದ್ದೆ. ಅವಳ ಮನೆಯ ಆಚೆ ಬದಿಯಲ್ಲಿ ಇನ್ನೊಂದು ಸಣ್ಣ ಕೆರೆಯ ಹೂಳೆತ್ತುವ ಮಾತು ನಡೆದಿದೆ. ಲಾವೆಲ್ಸ್‌ನ ಅಂಚಿನ ಫೋಟೋ ಕಳಿಸಿದೆ. ಅವಳು ಅದನ್ನು ಬಡಾವಣೆಯ ಸಭೆಗೆ ತಗೊಂಡು ಹೋದಳು. ಪಶ್ಚಿಮದ ಬದಿಯನ್ನು ಹಾಗೆಯೇ ಬಿಡಿ, ಅಲ್ಲಿ ತೋಡಬೇಡಿ, ದಾರಿ ಮಾಡಬೇಡಿ ಅಂತ ಕೇಳಿದಳು. ಬಂದಿದ್ದ ಎಂಜಿನಿಯರ್ ಬೇಡ ಅನ್ನಲಿಲ್ಲವಂತೆ, ತೋಡುವುದು ಕಡಿಮೆಯಾದರೆ ಖರ್ಚೂ ಕಡಿಮೆ ಅಂದರಂತೆ. ತಕರಾರು ಬಂದದ್ದು ವಾಕಿಂಗ್ ಬಳಗದಿಂದ. “ಅಕ್ಕ, ಅವರಿಗೆ ರೌಂಡ್ ಪೂರ್ತಿ ಆಗ್ಬೇಕಂತೆ. ಅರ್ಧಕ್ಕೆ ಹೋಗಿ ವಾಪಸ್ ಬರೋದು ಅಂದ್ರೆ ಬೇಜಾರಂತೆ” ಅಂದಳು ತಂಗಿ. ಹೋಗಿ ವಾಪಸ್ ಬಂದರೂ ಹೆಜ್ಜೆ ಲೆಕ್ಕ ಅಷ್ಟೇ ಬರುತ್ತದೆ ಅಂತ ಹೇಳು ಅಂದೆ. ಅದನ್ನೂ ಹೇಳಿದ್ದಾಳೆ. ಮುಂದಿನ ಸಭೆ ಯುಗಾದಿ ಆದಮೇಲೆ.